ಮೂವತ್ತೊಂದನೇ ನಂಬರಿನ ಕಾರ್ಬೈನು

ಕೆಂಗಲ್ ಕ್ಯಾಂಪ್
3 ಮಾರ್ಚ್ 2025

ಮರಿಯಪ್ಪ ಸಾರ್ ಅವರಿಗೆ,

ಜಲಾಶಯ ರಕ್ಷಣಾ ದಳಕ್ಕೆ ಸೇರಿಸಿಕೊಳ್ಳುವಾಗ ಕೊಡುತ್ತೇವೆ ಎಂದದ್ದು: ಕೈಗೊಂದು ಬಂದೂಕು. ಎಂಟು ಗಂಟೆಯ ಕೆಲಸ. ವಾರಕ್ಕೊಂದು ರಜೆ. ಹೆಂಗಸರಿಗೆ ಬೇರೆ ಬ್ಯಾರಕ್ಕು. ಗುರಿ ಚೆನ್ನಾಗಿದ್ದವರಿಗೆ ಶೂಟಿಂಗ್ ಟೀಮು.

ಕೊಟ್ಟದ್ದು: ಬ್ಯಾರಕ್ಕು. ಅದರ ಕಕ್ಕಸಿನ ಬಾಗಿಲಿಗೆ ಚಿಲಕವಿಲ್ಲ.

ಕೊಡದೇ ಹೋದದ್ದು: ಉಳಿದದ್ದೆಲ್ಲ.

ಆರು ವರ್ಷದ ಸರ್ವೀಸಿನಲ್ಲಿ ನಾನು ಡ್ಯಾಮಿನ ಮೇಲೆ ಕಾವಲು ನಿಂತದ್ದು ಹದಿನಾಲ್ಕು ತಿಂಗಳು. ಮಿಕ್ಕಿದ್ದು ಸಹಾಯಕ ಕಮಾಂಡೆಂಟರ ಅಡುಗೆಮನೆ. ಹಾಜರಿ ಪುಸ್ತಕದಲ್ಲಿ ಮಾತ್ರ ‘ಗಾರ್ಡ್ ಡ್ಯೂಟಿ’ ಎಂದೇ ಬರೆಯುತ್ತಾರೆ. ನಾನು ಕಾಯುವುದು ಕುಕ್ಕರನ್ನು. ಮನೆಯವರಿಗೊಂದು ಅನ್ನ, ಅವರ ನಾಯಿಗೊಂದು ಅನ್ನ. ನಾಯಿಯ ಅನ್ನಕ್ಕೆ ಉಪ್ಪು ಹಾಕಬಾರದು. ಮೊನ್ನೆ ಪಾತ್ರೆ ಅದಲುಬದಲಾಯಿತು. ಸಾಹೇಬರು ಉಂಡು ಎದ್ದರು, ನಾಯಿಯೂ ತಿಂದು ಮಲಗಿತು. ಇಬ್ಬರೂ ದೂರು ಹೇಳಲಿಲ್ಲ.

ಇಲ್ಲಿಂದ ಹೊರಬರಲು ಇರುವುದು ಒಂದೇ ಬಾಗಿಲು. ಟೀಮಿನಲ್ಲಿರುವವರನ್ನು ಮನೆ ಡ್ಯೂಟಿಗೆ ಹಾಕಬಾರದು ಎಂಬ ಆದೇಶ ನೋಟೀಸ್ ಬೋರ್ಡಿನಲ್ಲಿದೆ. ಜೂನ್ 17ಕ್ಕೆ ಆಯ್ಕೆ. ಹೆಂಗಸರ ಕಾರ್ಬೈನ್ ವಿಭಾಗದಲ್ಲಿ ಒಂದು ಜಾಗ ಖಾಲಿಯಿದೆ. ಹಿಂದೆ ಎರಡು ಸಲ ಹೋಗಿ, ಶಸ್ತ್ರಾಗಾರದವರು ಕೈಗೆ ತುರುಕಿದ ಬಂದೂಕಿನಲ್ಲಿ ಹೊಡೆದು ಸೋತು ಬಂದೆ. ಈ ಸಲ ಬಂದೂಕನ್ನು ನಾನೇ ಆರಿಸಿಕೊಳ್ಳುತ್ತೇನೆ. ಆರಿಸುವುದು ಹೇಗೆ, ಪಳಗಿಸುವುದು ಹೇಗೆ, ಹೇಳಿಕೊಡಿ. ಇಪ್ಪತ್ತೆರಡು ವರ್ಷ ನಮ್ಮ ದಳದ ಆಯುಧ ರಿಪೇರಿ ಮಾಡಿದವರು ನೀವು. ನಿಮ್ಮ ಕೈ ತಾಗದ ಬಂದೂಕು ಇಲ್ಲಿಲ್ಲ.

ಫೋನ್ ಮಾಡೋಣವೆಂದರೆ ನಿಮಗೆ ಕೇಳದು, ಆ ಬಂದೂಕುಗಳೇ ನಿಮ್ಮ ಎರಡೂ ಕಿವಿ ತಿಂದಿವೆ. ವಾಟ್ಸಾಪಿನಲ್ಲಿ ಬರೆದರೆ ಕ್ಯಾಂಪಿಗೆಲ್ಲ ಕೇಳುತ್ತದೆ. ಅದಕ್ಕೇ ಕಾಗದ.

ನಿಮ್ಮ
ಭಾನುಪ್ರಿಯ, ಕಾನ್‌ಸ್ಟೇಬಲ್


ಕಲ್ಯ, ಮಾಗಡಿ ತಾಲ್ಲೂಕು
11 ಮಾರ್ಚ್ 2025

ಭಾನವ್ವಾ,

ಕಾಗದ ತಲುಪಿತು. ನನಗೆ ಕಾಗದ ಬರೆಯುವವರು ಯಾರೂ ಇಲ್ಲವಲ್ಲ, ಪೋಸ್ಟ್‌ಮನ್ ಪಿಂಚಣಿ ನಿಂತ ನೋಟೀಸೇ ಇರಬೇಕೆಂದು ಮುಖ ಸಣ್ಣಗೆ ಮಾಡಿಕೊಂಡು ಕೊಟ್ಟ.

ಸರಿ, ಕೇಳು. ಹೊಸದು ಬೇಡ. ಹೊಳೆಯುವುದಂತೂ ಬೇಡವೇ ಬೇಡ, ಅದು ಪೆರೇಡಿಗೆ ಉಜ್ಜಿದ್ದು. ಬ್ಯಾರಲ್ಲನ್ನು ಬೆಳಕಿಗೆ ಹಿಡಿದು ಕಣ್ಣಿಟ್ಟು ನೋಡು. ಒಳಗಿನ ಸುರುಳಿ ಗೆರೆಗಳು ಚೂಪಾಗಿ ಕಂಡರೆ ಪಕ್ಕಕ್ಕಿಡು. ಹಾಗೆ ನಾಲ್ಕೈದು ಸಿಕ್ಕ ಮೇಲೆ ಒಂದೊಂದರಲ್ಲೂ ಕಾಗದಕ್ಕೆ ಐದೈದು ಗುಂಡು ಹೊಡಿ. ಗುಂಡು ನಡುವೆ ಬಿತ್ತಾ ಅಂತ ನೋಡಬೇಡ, ಒತ್ತೊತ್ತಾಗಿ ಬಿತ್ತಾ ಅಂತ ನೋಡು. ಓರೆ ಬಿದ್ದರೆ ಮುಂದಿನ ಗುರಿಮೊನೆ ತಿರುಗಿಸಿ ಸರಿಮಾಡಬಹುದು. ಚೆಲ್ಲಾಪಿಲ್ಲಿ ಬಿದ್ದರೆ ಯಾವ ದೇವರೂ ಸರಿಮಾಡಲಾರ.

ಇನ್ನೊಂದು. ನಮ್ಮ ಹಳೇ ಗಿಡ್ಡ ಕಾರ್ಬೈನು ಉದ್ದನೆಯ ರೈಫಲ್ಲಿನ ಹಾಗಲ್ಲ. ಟ್ರಿಗರ್ ಒತ್ತಿದ ಮೇಲೆ ಒಳಗಿರುವ ಬೋಲ್ಟು, ಅರ್ಧ ಸೇರು ತೂಕದ್ದು, ಹಿಂದಿನಿಂದ ನುಗ್ಗಿ ಬಂದು ಗುಂಡಿಗೆ ಗುದ್ದುತ್ತದೆ. ಗುಂಡು ಹೊರಡುವ ಮೊದಲೇ ಬಂದೂಕು ಮುಂದಕ್ಕೆ ವಾಲಿರುತ್ತದೆ. ಆ ವಾಲು ಎಷ್ಟು ಅನ್ನುವುದನ್ನು ನಿನ್ನ ಭುಜ ಕಲಿಯಬೇಕು. ಒಂದೊಂದು ಕಾರ್ಬೈನಿಗೆ ಒಂದೊಂದು ವಾಲು. ಬೋಲ್ಟು, ಸ್ಪ್ರಿಂಗು, ಬ್ಯಾರಲ್ಲು ವರ್ಷಗಟ್ಟಲೆ ಒಂದಕ್ಕೊಂದು ಉಜ್ಜಿ ಸವೆದು ಹೊಂದಿಕೊಂಡಿರುತ್ತವೆ. ಆ ಸಂಸಾರ ಒಡೆಯಬಾರದು. ಮ್ಯಾಗಜೀನೂ ಒಂದೇ ಇಟ್ಟುಕೋ, ಬಾಯಿ ಸೊಟ್ಟಗಿರುವುದನ್ನು ಮುಟ್ಟಬೇಡ.

ಎಲ್ಲಿ ತಡೆದರೂ ಕೇಳು. ಕೇಳಿದ್ದಕ್ಕೆ ಖುಷಿಯಾಯಿತು.

ಮರಿಯಪ್ಪ


ಕೆಂಗಲ್ ಕ್ಯಾಂಪ್
6 ಏಪ್ರಿಲ್ 2025

ಮರಿಯಪ್ಪ ಸಾರ್,

ಆರಿಸಿದೆ. ನಂಬರ್ ಮೂವತ್ತೊಂದು.

ಶಸ್ತ್ರಾಗಾರದ ದೇವರಾಜು ಗೊತ್ತಲ್ಲ, ನೀವೇ ಕೆಲಸ ಕಲಿಸಿದವರು. ನಾನು ಒಂದೊಂದೇ ಬ್ಯಾರಲ್ಲು ಎತ್ತಿ ಕಿಟಕಿಯ ಕಡೆ ಹಿಡಿಯುವುದನ್ನು ನೋಡಿ ನೋಡಿ ಅವರಿಗೆ ಸಾಕಾಯಿತು.

“ಏನಮ್ಮೀ, ಸೀರೆ ಅಂಗ್ಡೀಗ್ ಬಂದಂಗ್ ಬಂದ್ಬುಟ್ಟಿದ್ದೀ? ಎಲ್ಲಾ ಒಂದೇಯ. ಕಣ್ ಮುಚ್ಕಂಡು ಒಂದ್ ಎತ್ಕಂಡೋಗು.”

“ಕಣ್ ಮುಚ್ಕಂಡ್ರೆ ಗುರಿ ಎಂಗಣ್ಣ ಇಡಾದು?”

“ಸಾರಿಗ್ ಒಗ್ಗರಣೆ ಇಡಕ್ಕೆ ಯಾತುಕ್ಕಮ್ಮೀ ಗುರಿ?”

ಹಿಂದೆ ನಿಂತಿದ್ದವರೆಲ್ಲ ನಕ್ಕರು. ನಗಲಿ. ಅರವತ್ತರಲ್ಲಿ ಐದು ಬೇರೆ ಇಟ್ಟೆ. ಸಾವನದುರ್ಗದ ಕಡೆಯ ರೇಂಜಿನಲ್ಲಿ ಐದರಲ್ಲೂ ಐದೈದು ಹೊಡೆದೆ. ನಾಲ್ಕು ಬಂದೂಕಿನದು ರಾಗಿ ಎರಚಿದ ಹಾಗೆ ಬಿತ್ತು. ಮೂವತ್ತೊಂದರದ್ದು ಎಡಕ್ಕೆ ಒಂದು ಗೇಣು ಓರೆ, ಆದರೆ ಐದೂ ನನ್ನ ಅಂಗೈಯಲ್ಲಿ ಮುಚ್ಚುವಷ್ಟು ಜಾಗದಲ್ಲಿ. ಬಣ್ಣ ಹೋಗಿದೆ, ಹಿಡಿ ಸವೆದಿದೆ. ದೇವರಾಜು ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಮೂವತ್ತೊಂದು ಎಂದು ಬರೆದು ಸಹಿ ಹಾಕಿಸಿಕೊಂಡರು.

ಅಭ್ಯಾಸಕ್ಕೆ ವರ್ಷಕ್ಕೆ ತಲೆಗೆ ಐವತ್ತೇ ಗುಂಡು. ಅಷ್ಟರಲ್ಲಿ ಏನು ಪಳಗಿಸುವುದು ಎಂದು ಕೂತಿದ್ದಾಗ ಪಕ್ಕದ ಮಂಚದ ಲತಾಮಣಿ, ಚನ್ನಪಟ್ಟಣದವಳು, “ನನ್ ಪಾಲಿಂದೂ ನೀನೇ ಹೊಡ್ಕೊಳ್ಳಮ್ಮಿ, ಆ ಸದ್ದಿಗೆ ನಂಗ್ ತಲೆನೋವ್ ಬತ್ತದೆ. ಟೀಮಿಗ್ ಹೋದ್ಮೇಲೆ ಮರ್ತ್‌ಬುಟ್ಟೀಯ, ಅಷ್ಟೇಯ” ಅಂದಳು. ಅವಳನ್ನು ನೋಡಿ ಇನ್ನೂ ಏಳು ಜನ ಕೊಟ್ಟರು. ಎಂಟು ಹೆಂಗಸರ ಗುಂಡು ನನ್ನ ಕೈಯಲ್ಲಿದೆ. ಸೋತರೆ ಇವರ ಮುಖ ಹೇಗೆ ನೋಡಲಿ?

ಭಾನುಪ್ರಿಯ


ಕೆಂಗಲ್ ಕ್ಯಾಂಪ್
25 ಮೇ 2025

ಸಾರ್,

ಮೂವತ್ತೊಂದು ಪಳಗಿತು. ಗುರಿಮೊನೆ ತಿರುಗಿಸಿ ತಿರುಗಿಸಿ ಓರೆ ತೆಗೆದೆ. ವಾಲುವುದು ಎಷ್ಟೆಂದು ಈಗ ಭುಜಕ್ಕೇ ಗೊತ್ತು. ಬೋಲ್ಟು ಹೊರಟಾಗ ‘ಹೂಂ’ ಅಂದು ತಡೆದುಕೊಳ್ಳುತ್ತದೆ, ನಾನು ಹೇಳಬೇಕಾಗಿಲ್ಲ. ಐವತ್ತು ಗಜದಲ್ಲಿ ಹತ್ತಕ್ಕೆ ಒಂಬತ್ತು ಗುಂಡು ಕರಿ ಬೊಟ್ಟಿನೊಳಗೆ. ನಾನೂರು ಗುಂಡು ಹೊಡೆದಿದ್ದೇನೆ, ಒಂದು ಸಲವೂ ಸಿಕ್ಕಿಕೊಂಡಿಲ್ಲ.

ಬೆಳಗ್ಗೆ ಆರಕ್ಕೆ ರೇಂಜು, ಒಂಬತ್ತಕ್ಕೆ ಸಾಹೇಬರ ಮನೆ. ಕೈಯಲ್ಲಿ ಮದ್ದಿನ ವಾಸನೆ ಇದೆ ಎಂದು ಮೇಡಂ ಎರಡು ಸಲ ಸೋಪು ಹಾಕಿಸಿದರು. ಹಾಕಿಸಲಿ. ಇನ್ನೆಷ್ಟು ದಿನ?

ನನ್ನದು ಎಂಬ ಗುರುತಿಗೆ ಬೋಲ್ಟಿನ ಮೇಲೂ ಸ್ಪ್ರಿಂಗಿನ ತುದಿಗೂ ಒಂದೊಂದು ಚುಕ್ಕೆ ಕೆಂಪು ನೇಲ್ ಪಾಲಿಶ್ ಇಟ್ಟಿದ್ದೇನೆ. ಲತಾಮಣಿಯದೇ ಬಾಟಲಿ. “ಬಂದೂಕ್ಗೂ ಸಿಂಗಾರ್‌ವ ತಾಯಿ, ಜಡೆ ಒಂದ್ ಹಾಕ್ಬುಡು” ಅಂತ ಅವಳ ಗೇಲಿ.

ಜೂನ್ 9ಕ್ಕೆ ವಾರ್ಷಿಕ ಆಯುಧ ತಪಾಸಣೆ ಇದೆಯಂತೆ. ಆಯ್ಕೆಗೆ ಒಂದೇ ವಾರ ಮುಂಚೆ. ಅದಕ್ಕೆ ನಾನೇನಾದರೂ ಎಚ್ಚರಿಕೆ ವಹಿಸಬೇಕೇ? ಬೇಗ ಬರೆಯಿರಿ.

ಭಾನುಪ್ರಿಯ


ಕಲ್ಯ
2 ಜೂನ್ 2025

ಭಾನವ್ವಾ,

ಒಳ್ಳೆಯದಾಯಿತು. ತಪಾಸಣೆಯೆಂದರೆ ತೊಳೆದು ಒರೆಸಿ ಎಣ್ಣೆ ಹಚ್ಚುವುದು, ಅಷ್ಟೇ. ನೀನೇನೂ ಮಾಡಬೇಕಾಗಿಲ್ಲ. ದೇವರಾಜು ಕೆಲಸ ತಿಳಿದವನು.

ಇಲ್ಲಿ ಒಸಿ ಮಳೆಯಾಗಿದೆ.

ಮರಿಯಪ್ಪ


ಕೆಂಗಲ್ ಕ್ಯಾಂಪ್
19 ಜೂನ್ 2025

ಮರಿಯಪ್ಪ ಸಾರ್,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಜೂನ್ 9ರಂದು ಶಸ್ತ್ರಾಗಾರದ ಹಿಂದಿನ ಸಿಮೆಂಟು ತೊಟ್ಟಿಗೆ ಸೀಮೆಎಣ್ಣೆ ತುಂಬಿಸಿದರು. ಅರವತ್ತು ಕಾರ್ಬೈನನ್ನೂ ಬಿಚ್ಚಿದರು. ಅರವತ್ತು ಬೋಲ್ಟು, ಅರವತ್ತು ಸ್ಪ್ರಿಂಗು, ಎಲ್ಲ ಒಂದೇ ತೊಟ್ಟಿಗೆ. ಸೊಪ್ಪು ತೊಳೆದ ಹಾಗೆ ಕಲಕಿ, ಗೋಣಿಚೀಲದ ಮೇಲೆ ಹರವಿ, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಸೇರಿಸಿ ಜೋಡಿಸಿದರು. ಹೊರಗೆ ನಂಬರು ಹಾಗೇ ಇದೆ. ಒಳಗೆ ಯಾರ ಕರುಳು ಯಾರಿಗೋ!

ಆ ಎರಡು ದಿನ ನಾನು ಎಲ್ಲಿದ್ದೆ? ಸಾಹೇಬರ ಮನೆಯಲ್ಲಿ ನೆಂಟರಿದ್ದರು. ಚಪಾತಿ ಲಟ್ಟಿಸುತ್ತಿದ್ದೆ.

11ರಂದು ಮೂವತ್ತೊಂದನ್ನು ಕೈಗೆ ತೆಗೆದುಕೊಂಡು ಬೋಲ್ಟು ಎಳೆದೆ. ಎಳೆದ ಕೂಡಲೇ ಕೈಗೆ ತಿಳಿಯಿತು. ಬಿಚ್ಚಿ ನೋಡಿದರೆ ಕೆಂಪು ಚುಕ್ಕೆ ಇಲ್ಲ. ಸ್ಪ್ರಿಂಗೂ ಬೇರೆ. ದೇವರಾಜುಗೆ ಹೇಳಿದೆ.

“ನಂಬರ್ ಸರ್ಯಾಗೈತೋ ಇಲ್ವೋ?”

“ನಂಬರ್ ಸರ್ಯಾಗೈತಣ್ಣ, ಬಂದೂಕೇ ನಂದಲ್ಲ.”

“ನಿಂದೂ ಅಂದ್ರೆ? ನಿಮ್ಮಪ್ಪ ಬಳುವಳಿ ಕೊಟ್ನಾ? ಸರ್ಕಾರದ್ ಕಣಮ್ಮಿ ಅದು.”

ಅವರು ಟೀಗೆ ಹೋದಾಗ ನಾನು ಹೆಂಗಸರ ಹೆಸರಿನ ಸಾಲಿನಿಂದ ಒಂದೊಂದೇ ಕಾರ್ಬೈನು ಬಿಚ್ಚತೊಡಗಿದೆ. ಹೌದು, ಬಿಚ್ಚಿದೆ. ಬಿಚ್ಚಿದ ಒಂಬತ್ತನೆಯದರಲ್ಲಿ, ಮೂವತ್ನಾಲ್ಕನೇ ನಂಬರಿನದರಲ್ಲಿ, ನನ್ನ ಬೋಲ್ಟೂ ಸ್ಪ್ರಿಂಗೂ ಒಟ್ಟಿಗೇ ಸಿಕ್ಕವು. ಸೀಮೆಎಣ್ಣೆಯಲ್ಲಿ ಚುಕ್ಕೆ ಅರ್ಧ ಅಳಿಸಿತ್ತು. ಕೈಯಲ್ಲಿ ಹಿಡಿದುಕೊಂಡಿದ್ದೆ, ಸಾರ್. ಅಷ್ಟರಲ್ಲಿ ಸಹಾಯಕ ಕಮಾಂಡೆಂಟ್ ಒಳಗೆ ಬಂದರು.

“ಎಂಗಿತ್ತೋ ಅಂಗೇ ಜೋಡ್ಸು.”

ಜೋಡಿಸಿದೆ. ನನ್ನ ಕೈಯಾರೆ ನನ್ನ ಬೋಲ್ಟನ್ನು ಮೂವತ್ನಾಲ್ಕರ ಒಳಗೆ ತೂರಿಸಿದೆ.

ಮೂವತ್ನಾಲ್ಕು ಲತಾಮಣಿಯ ಹೆಸರಿನಲ್ಲಿರುವುದು. ಆಯ್ಕೆಯಲ್ಲಿ ಅವರವರ ಹೆಸರಿನ ಬಂದೂಕಿನಲ್ಲೇ ಹೊಡೆಯಬೇಕು. ಈ ಸಲ ಹೆಂಗಸರೆಲ್ಲ ಆಯ್ಕೆಗೆ ಬರಲೇಬೇಕೆಂದು ಆರ್ಡರಾಗಿತ್ತು. ಅವಳೂ ಬಂದಳು. 17ರಂದು ನನ್ನದು ಎರಡು ಸಲ ಸಿಕ್ಕಿಕೊಂಡಿತು. ಹಾರದ ಗುಂಡಿಗೆ ಸೊನ್ನೆ. ಮಿಕ್ಕವು ಚೆಲ್ಲಾಪಿಲ್ಲಿ. ಲತಾಮಣಿ ವರ್ಷಕ್ಕೊಂದು ಸಲವೂ ಬಂದೂಕು ಹಿಡಿಯದವಳು, ಆದರೆ ಕೈ ನಡುಗದವಳು. ಅವಳು ಮೊದಲು ಬಂದಳು. ಟೀಮಿಗೆ ಅವಳ ಹೆಸರು ಹೋಯಿತು. ನಾನು ಒಂಬತ್ತು ಗಂಟೆಗೆ ಅಡುಗೆಮನೆಗೆ ಹೋದೆ.

ನಾನು ಬಿಚ್ಚಿದ ಒಂಬತ್ತು ಬಂದೂಕಿನವರಿಗೂ ಬಿಸಿಲಲ್ಲಿ ಡ್ರಿಲ್ಲು ಮಾಡಿಸಿದರು. ಗುಂಡು ಕೊಟ್ಟ ಎಂಟು ಜನ ಅದರಲ್ಲೇ ಇದ್ದರು. ಈಗ ಯಾರೂ ನನ್ನ ಜೊತೆ ಮಾತಾಡುವುದಿಲ್ಲ.

ಒಂದೇ ಪ್ರಶ್ನೆ. ಒಂದೇ ತೊಟ್ಟಿಯಲ್ಲಿ ತೊಳೆಯುವುದು ನಿಮಗೆ ಗೊತ್ತಿತ್ತೇ?

ಭಾನುಪ್ರಿಯ


ಕೆಂಗಲ್ ಕ್ಯಾಂಪ್
20 ಜುಲೈ 2025

ಸಾರ್,

ಉತ್ತರ ಬರಲಿಲ್ಲ. ಬಂದದ್ದು ಆರೋಪ ಪತ್ರ. ಅನುಮತಿಯಿಲ್ಲದೆ ಒಂಬತ್ತು ಆಯುಧ ಬಿಚ್ಚಿದ್ದು ಒಂದು, ಸರ್ಕಾರಿ ಆಯುಧಕ್ಕೆ ಬಣ್ಣ ಬಳಿದದ್ದು ಇನ್ನೊಂದು. ಸಾಬೀತಾದರೆ ಇನ್ನೆಂದೂ ರೇಂಜಿಗೆ ಕಾಲಿಡುವಂತಿಲ್ಲ. ಅಂದರೆ ಸರ್ವೀಸು ಮುಗಿಯುವ ತನಕ ಅಡುಗೆಮನೆ.

ಸೆಪ್ಟೆಂಬರ್ 15ಕ್ಕೆ ವಿಚಾರಣೆ. ನನ್ನ ಕಡೆ ಹೇಳುವವರು ಇದ್ದರೆ ಕರೆತರಬಹುದಂತೆ. ಕ್ಯಾಂಪಿನಲ್ಲಿ ಒಬ್ಬರೂ ಇಲ್ಲ.

ಭಾನುಪ್ರಿಯ


ಕಲ್ಯ
14 ಆಗಸ್ಟ್ 2025

ಭಾನವ್ವಾ,

ಗೊತ್ತಿತ್ತು.

ಗೊತ್ತಿದ್ದದ್ದಷ್ಟೇ ಅಲ್ಲ. ಆ ತೊಟ್ಟಿ ನಾನೇ ಕಟ್ಟಿಸಿದ್ದು. ನಾನು ದಳಕ್ಕೆ ಬಂದ ಮರುವರ್ಷ ಮೇಲಿನವರು ಎರಡೇ ದಿನದಲ್ಲಿ ತಪಾಸಣೆಗೆ ಬರುತ್ತೇವೆ ಅಂದರು. ಒಂದೊಂದನ್ನೇ ಬಿಚ್ಚಿ ತೊಳೆದರೆ ಮೂರು ವಾರ ಬೇಕು. ಅದೇ ವಾರ ಊರಲ್ಲಿ ಬೀಗರೂಟಕ್ಕೆ ಹೋಗಿದ್ದೆ. ಮುನ್ನೂರು ತಟ್ಟೆ ಒಂದೇ ತೊಟ್ಟಿಯಲ್ಲಿ ಮುಳುಗಿಸಿ ತೊಳೆಯುತ್ತಿದ್ದರು. ಯಾರ ತಟ್ಟೆ ಯಾರಿಗೆ ಬಂದರೇನು? ನನಗೂ ಅದೇ ಬುದ್ಧಿ ಬಂತು. ಒಂದೂವರೆ ದಿನಕ್ಕೆ ಕೆಲಸ ಮುಗಿಸಿದೆ. ಶಾಲು ಹೊದಿಸಿ ಸರ್ಟಿಫಿಕೇಟು ಕೊಟ್ಟರು. ಅದರಲ್ಲಿ ‘ತೊಟ್ಟಿ ಪದ್ಧತಿ’ ಎಂದೇ ಅಚ್ಚಾಗಿದೆ. ಆಮೇಲೆ ಅದೇ ಕಾಯಂ ಆಯಿತು. ಬಂದೂಕಿನ ಸಂಸಾರ ಒಡೆಯಬಾರದೆಂದು ನಿನಗೆ ಬರೆದೆನಲ್ಲ, ಇಪ್ಪತ್ತು ವರ್ಷ ಪ್ರತಿ ಬೇಸಗೆಯಲ್ಲೂ ಅರವತ್ತು ಸಂಸಾರ ಒಡೆದವನು ನಾನು.

ಮೊದಲ ಕಾಗದದಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಬೆಳಗ್ಗೆಯಿಂದ ಬೈಗಿನ ತನಕ ನನ್ನನ್ನು ಏನಾದರೂ ಕೇಳುವವರು ಈ ಊರಲ್ಲಿ ಯಾರೂ ಇಲ್ಲ. ನೀನು ಕೇಳಿದೆ. ಗುರುವಾಗುವ ಆಸೆಯಾಯಿತು. ತಪ್ಪು ಒಪ್ಪಿಕೊಂಡು ಆ ಆಸೆ ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಪದ್ಧತಿ ಬಿಟ್ಟಿರಬಹುದು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಎರಡನೇ ಸಲ ಕೇಳಿದಾಗ ಮಳೆಯ ವಿಷಯ ಬರೆದೆ.

15ಕ್ಕೆ ಬರುತ್ತೇನೆ. ತಪ್ಪು ತೊಟ್ಟಿಯದು, ಹುಡುಗಿಯದಲ್ಲ ಎಂದು ಹೇಳುತ್ತೇನೆ. ಸರ್ಟಿಫಿಕೇಟನ್ನೂ ತರುತ್ತೇನೆ, ಸಾಕ್ಷಿಗಿರಲಿ.

ಮರಿಯಪ್ಪ


ಕೆಂಗಲ್ ಕ್ಯಾಂಪ್
22 ಸೆಪ್ಟೆಂಬರ್ 2025

ಮರಿಯಪ್ಪ ಸಾರ್,

ನೀವು ಬಂದಿರಿ. ಮಾಗಡಿಯಿಂದ ಎರಡು ಬಸ್ಸು ಬದಲಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿರಿ. ಅವರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಟ್ಟರು, ನೀವು ಕೂಗಿ ಕೂಗಿ ಉತ್ತರ ಹೇಳಿದಿರಿ. “ತೊಟ್ಟಿ ನಂದೇ ಸಾಮಿ! ಬುದ್ಧಿ ಇಲ್ದೆ ಮಾಡ್ದೆ!” ಎಂದದ್ದು ಪೆರೇಡ್ ಗ್ರೌಂಡಿಗೂ ಕೇಳಿಸಿತಂತೆ. ಆಮೇಲೆ ಅವರು ನಕ್ಕು, ಕೈಮುಗಿದು ನಿಮ್ಮನ್ನು ಕಳಿಸಿದರು. ಕೆಲಸವಾಯಿತು ಎಂದು ನೀವು ನನ್ನ ತಲೆ ಸವರಿ ಹೋದಿರಿ.

ಅವರು ತಮ್ಮೊಳಗೆ ಆಡಿಕೊಂಡದ್ದು ನಿಮಗೆ ಕೇಳಿಸಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯದೆ ಇರೋಣವೆಂದು ಒಂದು ವಾರ ಸುಮ್ಮನಿದ್ದೆ. ಸುಮ್ಮನಿರುವುದು ಏನು ಮಾಡುತ್ತದೆಂದು ನಮ್ಮಿಬ್ಬರಿಗೂ ಗೊತ್ತಲ್ಲ.

ವಿಚಾರಣಾಧಿಕಾರಿ ಅಂದದ್ದು ಇದು: “ಒಳ್ಳೇ ಸಾಕ್ಷಿ ಕರ್ಕಂಬಂದೆ ಕಣಮ್ಮ. ನಿನ್ ವಿರುದ್ಧ ನಮ್ಗೆ ಕಾಗದಾನೇ ಇರ್ಲಿಲ್ಲ, ಇವ್ರೇ ತಂದ್‌ಕೊಟ್ರು. ತೊಟ್ಟಿ ಇಲಾಖೆ ಪದ್ಧತಿ, ಸರ್ಟಿಫಿಕೇಟೂ ಐತೆ. ಪದ್ಧತಿ ಅಂದ್ಮೇಲೆ ಬೋಲ್ಟು ಯಾರ್ದೂ ಅಲ್ಲ. ಯಾರ್ದೂ ಅಲ್ದಿರಾದ್ನ ನಂದು ಅಂತ ಹುಡುಕಕ್ ನೀನ್ಯಾರು?”

ನಿಮ್ಮ ಸರ್ಟಿಫಿಕೇಟಿಗೆ ನಂಬರು ಹಾಕಿ ಕಡತಕ್ಕೆ ಸೇರಿಸಿಕೊಂಡರು. ನಿಮ್ಮ ಹೇಳಿಕೆಯಲ್ಲಿ ‘ಬುದ್ಧಿ ಇಲ್ಲದೆ’ ಎಂಬುದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದುಕೊಂಡರು. ಶನಿವಾರ ಆದೇಶ ಬಂತು. ಎರಡೂ ಆರೋಪ ಸಾಬೀತು. ಶೂಟಿಂಗ್ ಸ್ಪರ್ಧೆಗಳಿಂದ ಕಾಯಂ ಹೊರಗೆ. ಈಗಿರುವ ಡ್ಯೂಟಿ ಮುಂದುವರಿಯತಕ್ಕದ್ದು.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟಿದೆ. ಆದರೆ ಆ ದಿನ ಬಂದವರು ನೀವೊಬ್ಬರೇ.

ಭಾನುಪ್ರಿಯ


ಕಲ್ಯ
30 ಸೆಪ್ಟೆಂಬರ್ 2025

ಭಾನವ್ವಾ,

ಓದಿದೆ. ಮೂರು ಸಲ ಓದಿದೆ.

ಸರ್ಟಿಫಿಕೇಟನ್ನು ವಾಪಸು ಕೇಳಬೇಡ. ಅವರಲ್ಲೇ ಇರಲಿ. ನಿನಗೆ ಹೇಳಿಕೊಡುವಂಥದ್ದು ನನ್ನಲ್ಲಿ ಇನ್ನೇನೂ ಉಳಿದಿಲ್ಲ.

ಮರಿಯಪ್ಪ


ಕೆಂಗಲ್ ಕ್ಯಾಂಪ್
23 ನವೆಂಬರ್ 2025

ಮರಿಯಪ್ಪ ಸಾರ್,

ಹೇಳಿಕೊಡುವುದು ಬೇಡ. ಒಂದು ಕೆಲಸವಿದೆ. ಅದಕ್ಕೆ ಮೊದಲು ಸುದ್ದಿ ಕೇಳಿ.

ತಿಂಗಳ ಮೊದಲಲ್ಲಿ ಲತಾಮಣಿ ಟೀಮಿನ ತರಬೇತಿ, ಸ್ಪರ್ಧೆ ಮುಗಿಸಿ ವಾಪಸು ಬಂದಳು. ಜೂನ್‌ನಿಂದ ನಾವು ಮಾತು ಬಿಟ್ಟಿದ್ದೆವು. ಸಾಹೇಬರ ಮನೆಯ ಹಿಂಬಾಗಿಲಿಗೆ ಬಂದು ನಿಂತಳು. ನಾನು ಅವರೆಕಾಯಿ ಬಿಡಿಸುತ್ತಿದ್ದೆ. ಎದುರು ಕೂತು ತಾನೂ ಬಿಡಿಸತೊಡಗಿದಳು. ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ, “ನಿನ್ ಜಾಗ ಕಿತ್ಕಂಡೆ ಅಂತ ಅವತ್ತಿಂದ ನಿದ್ದೆ ಇಲ್ಲ ಕಣಮ್ಮಿ. ಈಗ ನೋಡುದ್ರೆ ಅಲ್ಲಿ ಜಾಗಾನೇ ಇಲ್ಲ” ಅಂದಳು.

“ಅಂಗಂದ್ರೆ?”

“ಟೀಮಲ್ಲಿ ಹದ್ನಾರು ಗಂಡಸ್ರು, ಮೂರು ಹೆಂಗಸ್ರು. ಮೆಸ್ಸು ಯಾರ್ ಮಾಡಿದ್ದು ಅಂದ್ಕಂಡಿದ್ದೀಯ? ಎರಡ್ ತಿಂಗ್ಳು! ಬೆಳ್ಗಿನ್ ಜಾವ ನಾಕಕ್ಕೆದ್ದು ಹತ್ತೊಂಬತ್ ಜನುಕ್ಕೆ. ಇದು ಮನೆ ಡ್ಯೂಟಿ ಅಲ್ವಾ ಸಾರ್ ಅಂದೆ. ‘ಅಲ್ಲಮ್ಮ, ಇದು ಟೀಮ್ ಸ್ಪಿರಿಟ್ಟು’ ಅಂದ್ರು. ಸ್ಪರ್ಧೆ ದಿನ್ವೂ ಮುದ್ದೆ ತೊಳ್ಸಿ ಹೋದೆ. ಟ್ರಿಗರ್ ಮ್ಯಾಲೆ ಬೆರ್ಳು ನಿಲ್ಲಾಕಿಲ್ಲ ಅಂತದೆ. ಇಪ್ಪತ್ಮೂರ್ನೇ ನಂಬ್ರು ಬಂದೆ. ‘ಹೆಂಗಸ್ರ್ ಕೈಲಿ ಇಷ್ಟೇ ಆಗಾದು’ ಅಂತ ನಕ್ರು.”

ನೋಡಿ, ಸಾರ್. ಅರವತ್ತರಲ್ಲಿ ಒಂದನ್ನು ಆರಿಸಿ, ನಾನೂರು ಗುಂಡು ಹೊಡೆದು, ಗುರಿಮೊನೆಯನ್ನು ಕೂದಲೆಳೆಯಷ್ಟು ತಿರುಗಿಸಿ ನಾನು ಹೋಗಲು ಹೊರಟಿದ್ದದ್ದು ಇದೇ ಅಡುಗೆಮನೆಗೆ, ಇನ್ನೂ ದೊಡ್ಡ ಪಾತ್ರೆಗೆ. ಮೂವತ್ತೊಂದು ಕೈಕೊಡದೆ ಇದ್ದಿದ್ದರೆ ನಾನು ಗೆದ್ದೆ ಅಂದುಕೊಂಡು ಹತ್ತೊಂಬತ್ತು ಮುದ್ದೆ ಕಟ್ಟುತ್ತಿದ್ದೆ.

ಒಂಟಿಯಾಗಿ ಹೊರಡುವವಳಿಗೆ ಈ ದಳದಲ್ಲಿ ಬಾಗಿಲಿಲ್ಲ. ಕೂಡಿ ಹೊರಡುವವರಿಗೂ ಇದೆ ಎಂದು ನನಗೆ ನಂಬಿಕೆಯಿಲ್ಲ. ಆದರೂ ಲತಾಮಣಿ ಸುಮ್ಮನೆ ಇರಲೊಲ್ಲಳು. ಸಮವಸ್ತ್ರದವರು ಸಂಘ ಕಟ್ಟುವಂತಿಲ್ಲ, ಸಭೆ ಎಂದು ಬಾಯಿ ಬಿಟ್ಟರೆ ಸಸ್ಪೆಂಡು. “ಅರಿಶಿನ ಕುಂಕುಮಕ್ ಕರ್ದ್ರೆ ಯಾವನ್ ಸಸ್ಪೆಂಡ್ ಮಾಡಾನು?” ಅಂದಳು. ಹಾಗೇ ಕರೆದೆವು, ಹೋದ ಭಾನುವಾರ, ಚನ್ನಪಟ್ಟಣದ ಅವಳ ತಾಯಿಯ ಮನೆಗೆ. ಮೂವತ್ತೆರಡು ಜನಕ್ಕೆ ಹೇಳಿದ್ದೆವು. ಬಂದದ್ದು ನಾಲ್ಕು, ನಾವಿಬ್ಬರೂ ಸೇರಿ. ನಮ್ಮ ಬ್ಯಾರಕ್ಕಿನ ಶೀಬಾ ಚರ್ಚು ಮುಗಿಸಿ ಬಂದವಳು, “ನಂಗ್ ಕುಂಕುಮ ಬ್ಯಾಡ, ಬಾಳೆಹಣ್ಣು ಎರಡ್ ಕೊಡ್ರೇ” ಅಂದಳು. ನಾಲ್ಕನೆಯವಳು ತಾಂಬೂಲ ತೆಗೆದುಕೊಂಡು, ಗಂಡ ಬೈಯುತ್ತಾನೆಂದು, ಮಾತು ಶುರುವಾಗುವ ಮೊದಲೇ ಎದ್ದುಹೋದಳು. ಗುಂಡು ಕೊಟ್ಟ ಎಂಟು ಜನರಲ್ಲಿ ಲತಾಮಣಿ ಬಿಟ್ಟು ಒಬ್ಬಳೂ ಬರಲಿಲ್ಲ.

ಮೂರೇ ಜನ ಕೂತು ಒಂದು ಅರ್ಜಿ ಬರೆದೆವು. ದಳದ ಯಾವ ಹೆಂಗಸೂ ಯಾರ ಮನೆಯಲ್ಲೂ, ಯಾವ ಮೆಸ್ಸಿನಲ್ಲೂ ಬೇಯಿಸುವುದಿಲ್ಲ. ಇಷ್ಟೇ, ಒಂದು ಸಾಲು. ಅದರ ಕೆಳಗೆ ಹೆಸರುಗಳು ಬೇಕು. ನಿಮಗಿರುವ ಕೆಲಸ ಅದೇ. ನಿಮ್ಮ ಇಪ್ಪತ್ತೆರಡು ವರ್ಷದಲ್ಲಿ ಬಂದೂಕು ಜಮಾ ಮಾಡಿ ಅಡುಗೆಮನೆಗೆ ಹೋದ ಹೆಂಗಸರ ಹೆಸರು, ಊರು, ನೆನಪಿದ್ದಷ್ಟು ಬರೆದು ಕಳಿಸಿ. ನಿವೃತ್ತರಾದವರನ್ನು ಸಸ್ಪೆಂಡು ಮಾಡಲಾಗದು. ಅವರಾದರೂ ಸಹಿ ಹಾಕಿಯಾರು. ಹಾಕದೆಯೂ ಇರಬಹುದು. ಮುಂದಿನ ಸಲ ನಾವು ಮೂವರೂ ಇರುತ್ತೇವೆಂದು ಹೇಳಲಾರೆ. ಶೀಬಾಗೆ ದೂರದ ಡ್ಯಾಮಿಗೆ ವರ್ಗವಾಗುವ ಸುದ್ದಿಯಿದೆ.

ಪಟ್ಟಿ ನಮ್ಮ ಮುಂದಿನ ಸಭೆಗೆ ಮುಂಚೆ ತಲುಪಬೇಕು. ಡಿಸೆಂಬರ್ 7, ಭಾನುವಾರ, ಮಧ್ಯಾಹ್ನ ಮೂರು ಗಂಟೆ.

ಭಾನುಪ್ರಿಯ